ಜೋಲದ ವಿಲ್ಲೋ

ನರ್ಸರಿಯಲ್ಲಿ ಎಲ್ಲರೂ ಅವಳನ್ನು ಕಸಿ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅಲ್ಲಿ ಕೂತು ಗಿಡಕ್ಕೆ ಗಿಡ ಕೂಡಿಸಿದವಳು. ಕಾಡುಗುಲಾಬಿಯ ಬುಡ ಸೀಳಿ, ಒಳ್ಳೆಯ ಗುಲಾಬಿಯ ಕಣ್ಣೊಂದನ್ನು ಅದರಲ್ಲಿ ಕೂರಿಸಿ ಪಟ್ಟಿ ಸುತ್ತಿದಳೆಂದರೆ ನೂರರಲ್ಲಿ ತೊಂಬತ್ತೈದು ಚಿಗುರಲೇಬೇಕು. ನರ್ಸರಿಯ ಹಳೆಯ ಯಜಮಾನರು ಬಂದವರ ಮುಂದೆಲ್ಲ ಅವಳ ಕೈಗುಣವನ್ನು ಬಾಯಿ ತುಂಬ ಹೊಗಳುತ್ತಿದ್ದರು. ಐವತ್ತು ದಾಟುತ್ತಿದ್ದಂತೆ ಆ ಕೈಯೇ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಚಾಕು ಹಿಡಿದರೆ ಸೀಳು ಓರೆಯಾಗುತ್ತಿತ್ತು.

ಅಷ್ಟು ಹೊತ್ತಿಗೆ ಯಜಮಾನರು ಹಾಸಿಗೆ ಹಿಡಿದಿದ್ದರು. ನರ್ಸರಿ ಅವರ ಅಳಿಯನ ಕೈಗೆ ಬಂದಿತ್ತು. ಅವನನ್ನು ಎಲ್ಲರೂ ಅಳಿಯಂದ್ರು ಎನ್ನುತ್ತಿದ್ದರು. ಯಾರ ಅಳಿಯ ಎಂದು ತಿಳಿಯದ ಲಾರಿ ಡ್ರೈವರುಗಳ ಬಾಯಲ್ಲೂ ಅದೇ ಹೆಸರು. ಒಂದು ಸಲ ಕಸಿ ಅಕ್ಕ ಕಟ್ಟಿದ ಮುನ್ನೂರು ಗುಲಾಬಿಯಲ್ಲಿ ಅರ್ಧಕ್ಕರ್ಧ ಕಪ್ಪಾಗಿ ಸತ್ತವು. ಅವಳು ಗಾಜಿನ ಮನೆಯ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ಅಳಿಯ ಬಂದು ಮೆಲ್ಲಗೆ ಹೇಳಿದ:

"ಗಿಡಕ್ಕೆ ಬೂಷ್ಟು ಹಿಡೀತು ಅಂತ ಮಾವನಿಗೆ ಹೇಳಿದೀನಿ. ಗಿರಾಕಿಗಳಿಗೂ ಅದೇ. ನೀನು ಇನ್ಮೇಲೆ ಚಾಕು ಮುಟ್ಬೇಡ, ಕೌಂಟರ್ ನೋಡ್ಕೋ. ನಿನ್ನ ರೂಮೂ ನಿನಗೇ ಇರ್ಲಿ."

ಗಾಜಿನ ಮನೆಯ ಹಿಂದೆ ಒಂದು ಕಿಟಕಿ, ಒಂದು ಮಂಚ, ಒಂದು ಒಲೆ ಇದ್ದ ಆ ಕೋಣೆ ಬಿಟ್ಟರೆ ಕಸಿ ಅಕ್ಕನಿಗೆ ಹೋಗಲು ಇನ್ನೊಂದು ಮನೆ ಇರಲಿಲ್ಲ. ಅವತ್ತು ಅವನು ದೇವರಂತೆ ಕಂಡ.

ಆ ವರ್ಷ ಎಲೆ ಉದುರಿದ ಕಾಲದಲ್ಲಿ ಒಂದು ಲಾರಿ ತುಂಬ ವಿಲ್ಲೋ ಸಸಿಗಳು ಬಂದವು. ಭುಜದೆತ್ತರದ ಬೋಳು ಕೋಲುಗಳು, ಬೇರಿನ ಸುತ್ತ ಒದ್ದೆ ಗೋಣಿ. ತೋಟ ಮಾಡುವವರಿಗೆ ವಿಲ್ಲೋ ಎಂದರೆ ಒಂದೇ ಚಿತ್ರ: ಕೆರೆ ದಡದಲ್ಲಿ ನಿಂತು, ಕೂದಲು ಬಿಚ್ಚಿ ಮುಂದಕ್ಕೆ ಹಾಕಿಕೊಂಡ ಹೆಂಗಸಿನಂತೆ ಕೊಂಬೆಗಳನ್ನೆಲ್ಲ ನೆಲದವರೆಗೆ ಇಳಿಬಿಟ್ಟ ಮರ. ಅದು ಜೋಲು ವಿಲ್ಲೋ. ಆದರೆ ವಿಲ್ಲೋಗಳೆಲ್ಲ ಜೋಲುವುದಿಲ್ಲ. ಎಲೆ ಇಲ್ಲದ ಕಾಲದಲ್ಲಿ ಯಾವುದು ಯಾವುದೆಂದು ಹೇಳಬೇಕಾದರೆ ಗಿಡ ಮುಟ್ಟಿ ಬದುಕಿದವರೇ ಬೇಕು.

ಅಳಿಯ ಮೇಜಿನ ಮೇಲೆ ಚೀಟಿ ಬರೆಯುತ್ತ ಕೂತಿದ್ದ. "ಜೋಲು ವಿಲ್ಲೋ", "ಜೋಲು ವಿಲ್ಲೋ" ಎಂದು ದುಂಡಗಿನ ಅಕ್ಷರ. ಕಸಿ ಅಕ್ಕ ಒಂದು ಸಸಿ ಎತ್ತಿ ಬೆಳಕಿಗೆ ಹಿಡಿದಳು. ಮೊಗ್ಗಿನ ಮೇಲೆ ಒಂದೇ ಸಿಪ್ಪೆ, ಟೋಪಿ ಹಾಕಿದ ಹಾಗೆ. ಬೇರೆ ಮರಗಳ ಮೊಗ್ಗಿಗೆ ಸಿಪ್ಪೆಯ ಮೇಲೆ ಸಿಪ್ಪೆ ಇರುತ್ತದೆ, ವಿಲ್ಲೋಗೆ ಒಂದೇ. ತೊಗಟೆಯ ಚೂರು ಕಿತ್ತು ಕಚ್ಚಿದಳು. ನಾಲಿಗೆ ಒಗರಾಗುವಷ್ಟು ಕಹಿ. ವಿಲ್ಲೋ ಎನ್ನುವುದಕ್ಕೆ ಅನುಮಾನವಿಲ್ಲ. ಆದರೆ ಜೋಲು ವಿಲ್ಲೋದ ಕಡ್ಡಿ ಹಳದಿ ಬಣ್ಣದ್ದು, ದಾರದಷ್ಟು ಸಣ್ಣದು, ಬೆರಳಿಗೆ ಸುತ್ತಿದರೂ ಮುರಿಯುವುದಿಲ್ಲ. ಎಳೆಯ ಸಸಿಯಲ್ಲೇ ಅದರ ತುದಿಗಳು ನೆಲ ನೋಡುತ್ತಿರುತ್ತವೆ. ಇದರ ಕಡ್ಡಿ ದಪ್ಪ, ಕಂದು, ತುದಿಗಳೆಲ್ಲ ಮೇಲಕ್ಕೆ. ಕವಲೊಡೆದ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದಳು. ಟಕ್ ಎಂದು ಕಿತ್ತು ಬಂತು.

"ಅಳಿಯಂದ್ರೇ, ಇದು ಜೋಲೋದಲ್ಲ. ಮುರುಕ ವಿಲ್ಲೋ. ನೆಟ್ಟಗೆ ಮೇಲೆ ಹೋಗುತ್ತೆ. ಗಾಳಿ ಬಂದ್ರೆ ಕೊಂಬೆ ಬೀಳುತ್ತೆ."

"ವಿಲ್ಲೋ ಹೌದು ತಾನೆ?"

"ವಿಲ್ಲೋನೇ. ಆದ್ರೆ..."

"ಮತ್ತೇನು? ಜೋಲೋಕೆ ಎಷ್ಟು ವರ್ಷ ಬೇಕು? ಮೂರು, ನಾಲ್ಕು? ಅಷ್ಟರಲ್ಲಿ ಕೊಂಡೋರು ನೀರು ಜಾಸ್ತಿ ಆಯ್ತು, ಗೊಬ್ಬರ ಕಮ್ಮಿ ಆಯ್ತು ಅಂತ ತಮ್ಮನ್ನೇ ಬೈಕೊಳ್ತಿರ್ತಾರೆ."

"ಯಾರಾದ್ರೂ ನನ್ನನ್ನ ಕೇಳಿದ್ರೆ ನಾನೇನು ಹೇಳ್ಲಿ?"

ಅವನು ಪೆನ್ನು ಕೆಳಗಿಟ್ಟ. ಅವಳ ಬಲಗೈಯನ್ನು ಒಂದು ಕ್ಷಣ ನೋಡಿದ. "ನಿನ್ನ ಕೈ ವಿಷ್ಯ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ತೀನಿ?" ಎಂದು ನಗುತ್ತಲೇ ಕೇಳಿದ.

ಕಸಿ ಅಕ್ಕ ಚೀಟಿಗಳನ್ನು ತೆಗೆದುಕೊಂಡು ಸಸಿಗಳಿಗೆ ಕಟ್ಟಿದಳು.

ಒಂದು ವಾರಕ್ಕೆ ಒಬ್ಬ ಹೆಂಗಸು ಬಂದಳು. ಅರವತ್ತರ ಆಚೆಯವಳು, ಬಿಗಿಯಾಗಿ ಕಟ್ಟಿದ ಬಿಳಿ ತುರುಬು. ಬಾಯಿ ತೆರೆದದ್ದೇ ತಡ, ಪಕ್ಕದಲ್ಲಿ ಕುಂಡ ಆರಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟನೆಯ ಪ್ಲಾಟ್‌ಫಾರಂ ಎಂದು ಕೂಗಿದ ದನಿ ಅದು. ಅವಳ ಬೀದಿಯಲ್ಲಿ ಎಲ್ಲರೂ ಅವಳನ್ನು ಅನೌನ್ಸರಮ್ಮ ಎನ್ನುತ್ತಿದ್ದರಂತೆ.

"ನನ್ನ ಯಜಮಾನರು ಮರಗೆಲಸದ ಮೇಸ್ತ್ರಿ," ಎಂದಳು. "ಹೋದ ವರ್ಷ ಲಕ್ವ ಹೊಡೀತು. ಬಲಗಡೆ ಪೂರ್ತಿ ಹೋಯ್ತು, ಮಾತೂ ಹೋಯ್ತು. ಇಡೀ ದಿನ ಕಿಟಕಿ ಹತ್ರ ಕೂತಿರ್ತಾರೆ. ಎದುರಿಗೇ ರಸ್ತೆ. ಹೋಗೋ ಬರೋರೆಲ್ಲ ಬಾಯಿ ಸೊಟ್ಟಗಾಗಿರೋದನ್ನ ನೋಡ್ಕೊಂಡು ಹೋಗ್ತಾರೆ. ಅವರು ಮುಖ ತಿರುಗಿಸ್ಕೊಂಡ್ಬಿಡ್ತಾರೆ. ಪರದೆ ಹಾಕಿದ್ರೆ ಅವರಿಗೂ ಏನೂ ಕಾಣಲ್ಲ. ಅವರಿಗೆ ಹೊರಗಿಂದು ಕಾಣ್ಬೇಕು, ಹೊರಗಿನೋರಿಗೆ ಅವರು ಕಾಣ್ಬಾರ್ದು. ಆ ಅಳುಬುರುಕಿ ಮರ ಇದೆಯಲ್ಲ, ನೆಲದ ತನಕ ಇಳಿಬಿಡುತ್ತಲ್ಲ, ಅದು ಬೇಕು. ಎಲೆ ಅಲ್ಲಾಡ್ತಿದ್ರೆ ನೋಡ್ತಾ ಕೂತಿರ್ತಾರೆ."

ಅವಳೇ ಒಂದು ಸಸಿಯ ಮುಂದೆ ನಿಂತು ಚೀಟಿ ಓದಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಇದು ಮೇಲೆ ನೋಡ್ತಿದೆಯಲ್ಲ?"

ಅಳಿಯ ಎರಡು ಮಾರು ದೂರದಲ್ಲಿ ಪೈಪು ಹಿಡಿದು ನೀರು ಬಿಡುತ್ತಿದ್ದ. ನೀರು ಒಂದೇ ಗಿಡದ ಮೇಲೆ ಬೀಳತೊಡಗಿತು.

"ಇನ್ನೂ ಎಳೇದು," ಎಂದಳು ಕಸಿ ಅಕ್ಕ. "ಬೆಳೀತಾ ಬೆಳೀತಾ ಬಾಗುತ್ತೆ."

"ಎಷ್ಟು ವರ್ಷಕ್ಕೆ?"

"ನಾಲ್ಕು... ನಾಲ್ಕೈದು."

"ಡಾಕ್ಟ್ರೂ ಅಷ್ಟೇ ಹೇಳಿದಾರೆ, ಅವರಿಗೆ," ಎಂದಳು ಅನೌನ್ಸರಮ್ಮ. "ನೀವು ಹೇಳಿದ್ಮೇಲೆ ಆಯ್ತು. ಕೊಡಿ."

ಭಾನುವಾರ ಕಸಿ ಅಕ್ಕನಿಗೆ ರಜೆ. ಗುದ್ದಲಿ ತೆಗೆದುಕೊಂಡು ಬಸ್ಸು ಹತ್ತಿ ಬಿಲ್ ಪುಸ್ತಕದಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದಳು. "ಸರಿಯಾಗಿ ನೆಟ್ಟಿದೀರೋ ಇಲ್ವೋ ನೋಡೋಣ ಅಂತ ಬಂದೆ," ಎಂದಳು. ಸಸಿ ಇನ್ನೂ ಗೋಣಿಯಲ್ಲೇ ಗೋಡೆಗೆ ಒರಗಿತ್ತು. ಆ ಗಳಿಗೆಯಲ್ಲೂ ಹೇಳಬಹುದಿತ್ತು. ಇದು ಬೇಡ, ಬೇರೆ ತರೋಣ ಎಂದು ಒಂದು ಮಾತು. ಬಾಯಿ ತೆರೆದಳು. ಕಿಟಕಿಯ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಗಾಜಿಗೆ ಹಣೆ ಹಚ್ಚಿ ಸಸಿಯನ್ನೇ ನೋಡುತ್ತಿದ್ದರು. ತೆರೆದ ಬಾಯಿಂದ ಚರಂಡಿ ಪೈಪು ಯಾವ ಕಡೆ ಹೋಗಿದೆ ಎನ್ನುವ ಪ್ರಶ್ನೆ ಬಂತು.

ವಿಲ್ಲೋದ ಬೇರು ನೀರಿನ ವಾಸನೆ ಹಿಡಿದು ಹೋಗುತ್ತದೆ. ಪೈಪಿನ ಹತ್ತಿರ ನೆಡಬಾರದು. ಪೈಪು ಮನೆಯ ಹಿಂಬದಿಗಿತ್ತು. ಕಿಟಕಿಯಿಂದ ಹನ್ನೆರಡು ಹೆಜ್ಜೆ ಅಳೆದು, ಮೊಣಕಾಲುದ್ದ ಗುಂಡಿ ತೆಗೆದಳು. ಬೇರು ಬಿಡಿಸಿ ಹರಡಿ, ಮಣ್ಣು ಹಾಕಿ ತುಳಿದಳು, ಆನಿಕೆಗೆ ಕೋಲು ನೆಟ್ಟು ಸಡಿಲವಾಗಿ ಕಟ್ಟಿದಳು. ಸುತ್ತ ಪಾತಿ ಮಾಡಿ ನಾಲ್ಕು ಬಕೆಟ್ ನೀರು ಹೊಯ್ದಳು. "ಮೊದಲ ಎರಡು ಬೇಸಿಗೆ ಮಣ್ಣು ಒಣಗ್ಬಾರ್ದು," ಎಂದು ಹೇಳಿದಳು. ಅನೌನ್ಸರಮ್ಮ ಚಹಾ ತಂದಳು. ಮುಂದಿನ ಭಾನುವಾರವೂ ಬಾ ಎಂದಳು. ಕಸಿ ಅಕ್ಕ ಹೋದಳು.

ಹೀಗೆ ಹತ್ತಿದ ರೂಢಿ ಬಿಡಲಿಲ್ಲ. ಮೊದಲ ವರ್ಷ ಸಸಿ ಆಳೆತ್ತರ ದಾಟಿತು. ಎರಡನೆಯ ವರ್ಷ ಕಾಂಡದ ಪಕ್ಕದ ಚಿಗುರುಗಳನ್ನು ಚಿವುಟಿ ಚಿವುಟಿ ಅದಕ್ಕೊಂದು ತಲೆ ಬರಿಸಿದಳು. ಅನೌನ್ಸರಮ್ಮನ "ನೀವು" ಯಾವಾಗಲೋ "ನೀನು" ಆಯಿತು, ಆಮೇಲೆ "ಬಾರೇ", "ಹೋಗೇ" ಆಯಿತು. ಬಸ್ಸು ತಡವಾದ ದಿನ ಗೇಟಿನಲ್ಲಿ ನಿಂತು, ಮೈಕಿನಂತೆ ಬಾಯಿ ಮುಂದೆ ಮುಷ್ಟಿ ಹಿಡಿದು, "ದಯವಿಟ್ಟು ಗಮನಿಸಿ. ಕಸಿ ಅಕ್ಕ ಮೂವತ್ತು ನಿಮಿಷ ತಡವಾಗಿ ಆಗಮಿಸಿದ್ದಾರೆ. ಚಹಾ ಆರಿದ್ದಕ್ಕೆ ವಿಷಾದಿಸುತ್ತೇವೆ," ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಒಳಗೆ ಮೇಸ್ತ್ರಿಯ ಅರ್ಧ ಮುಖ ನಗುತ್ತಿತ್ತು.

"ಮೂವತ್ತು ವರ್ಷ ನಾನು ಊರಿಗೆಲ್ಲ ಕೂಗಿದೆ ಕಣೇ, ಮನೇಲಿ ಮಾತಾಡ್ತಿದ್ದದ್ದು ಅವರೇ," ಎಂದು ಒಮ್ಮೆ ಹೇಳಿದಳು. "ಈಗ ಇಬ್ಬರ ಪಾಲಿನದೂ ನಾನೇ ಆಡ್ಬೇಕು. ನೀನು ಬಂದ ದಿನ ಬಾಯಿಗೆ ಸ್ವಲ್ಪ ಬಿಡುವು."

ಕಸಿ ಅಕ್ಕನಿಗೆ ಅಲ್ಲಿಯವರೆಗೆ ಯಾರೂ ದಾರಿ ಕಾದಿರಲಿಲ್ಲ. ಶನಿವಾರ ಸಂಜೆಯೇ ಅವಳ ಎದೆ ಹಗುರಾಗುತ್ತಿತ್ತು. ಭಾನುವಾರ ಬೆಳಗ್ಗೆ ಗೇಟು ತೆರೆದು ಮರ ಕಂಡ ಕೂಡಲೇ ಮತ್ತೆ ಭಾರವಾಗುತ್ತಿತ್ತು.

ಮೂರನೆಯ ವರ್ಷಕ್ಕೆ ಮುಚ್ಚಿಡಲಾಗಲಿಲ್ಲ. ಕೊಂಬೆಗಳು ಪೊರಕೆ ತಲೆಕೆಳಗು ಮಾಡಿದಂತೆ ಆಕಾಶಕ್ಕೆ ಎದ್ದವು. ಎಲೆ ಅಗಲ, ಹೊಳಪು. ಅವುಗಳ ಕೆಳಗೆ ಬೋಳು ಕಾಂಡ, ಅದರ ಎರಡೂ ಬದಿಗೆ ರಸ್ತೆ, ರಸ್ತೆಯಲ್ಲಿ ನೋಡಿಕೊಂಡು ಹೋಗುವ ಜನ.

"ಇದಿನ್ನೂ ಮೇಲೇ ನೋಡ್ತಿದೆಯಲ್ಲೇ?"

"ಅಭ್ಯಾಸ ಮಾಡಿಸ್ಬೇಕು," ಎಂದಳು ಕಸಿ ಅಕ್ಕ. "ಕೆಲವಕ್ಕೆ ಹೇಳ್ಕೊಡ್ಬೇಕಾಗುತ್ತೆ."

ಸುತಳಿ, ಜಲ್ಲಿ, ಮೇಸ್ತ್ರಿಯ ಹಳೆಯ ಕಾಲುಚೀಲಗಳು. ಜಲ್ಲಿ ತುಂಬಿದ ಕಾಲುಚೀಲವನ್ನು ಎಳೆಯ ಕೊಂಬೆಯ ತುದಿಗೆ ಕಟ್ಟಿ ಇಳಿಬಿಟ್ಟಳು. ಮುರುಕ ವಿಲ್ಲೋ ಹೆಸರಿಗೆ ತಕ್ಕಂತೆ ಬಾಗುವ ಬದಲು ಮುರಿಯುತ್ತಿತ್ತು. ಹತ್ತು ಕಟ್ಟಿದರೆ ಮೂರು ಉಳಿದರೆ ಹೆಚ್ಚು. ಹಸಿ ಚಿಗುರನ್ನೇ ಆರಿಸಿ, ಒಂದು ವಾರ ಒಂದು ಹಿಡಿ ಜಲ್ಲಿ, ಮರುವಾರ ಇನ್ನೊಂದು ಹಿಡಿ, ಹೀಗೆ ಮಗುವಿಗೆ ಊಟ ಕಲಿಸಿದಂತೆ ಕಲಿಸಬೇಕು. ನಡುಗುವ ಕೈಯಲ್ಲಿ ಏಣಿಯ ಮೇಲೆ ನಿಂತು ಗಂಟು ಹಾಕುತ್ತಿದ್ದಳು. ಅಕ್ಕಪಕ್ಕದವರು ಅನೌನ್ಸರಮ್ಮ ಮರದಲ್ಲಿ ಕಾಲುಚೀಲ ಬೆಳೆಯುತ್ತಿದ್ದಾಳೆ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಐದನೆಯ ವರ್ಷ, ಒಂದು ಬೆಳಗ್ಗೆ. ಮೇಸ್ತ್ರಿಯನ್ನು ಗಾಲಿಕುರ್ಚಿಯಲ್ಲಿ ಮರದ ಕೆಳಗೆ ಕೂರಿಸಿ ಅನೌನ್ಸರಮ್ಮ ಒಳಗೆ ಹೋಗಿದ್ದಳು. ಕಸಿ ಅಕ್ಕ ಏಣಿಯಿಂದ ಇಳಿಯುವಾಗ ಟಕ್ ಎಂಬ ಸದ್ದು ಕೇಳಿತು. ತಿರುಗಿ ನೋಡಿದಳು. ಮೇಸ್ತ್ರಿಯ ಎಡಗೈಯಲ್ಲಿ ಒಂದು ಕಡ್ಡಿ ಇತ್ತು. ಅವರು ಕೈಗೆಟುಕಿದ ಇನ್ನೊಂದು ಕೊಂಬೆ ಎಳೆದು, ಕವಲಿನಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಟಕ್. ತೊಗಟೆ ಉಗುರಿನಿಂದ ಕೆರೆದು ಮೂಸಿದರು. ನಲವತ್ತು ವರ್ಷ ಮರ ಕೊಯ್ದು, ಕೆತ್ತಿ, ಬಾಗಿಸಿ ಕಿಟಕಿ ಕುರ್ಚಿ ಮಾಡಿದ ಮನುಷ್ಯ. ಯಾವುದು ಬಾಗುವ ಮರ, ಯಾವುದು ಬಾಗದ ಮರ ಎಂದು ಅವರಿಗೆ ಚೀಟಿ ನೋಡಿ ತಿಳಿಯಬೇಕಾಗಿರಲಿಲ್ಲ.

ಅವರು ತಲೆಯೆತ್ತಿ ಕಾಲುಚೀಲಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕಸಿ ಅಕ್ಕನನ್ನು ನೋಡಿದರು. ಅವಳಿಗೆ ಏಣಿಯ ಕೊನೆಯ ಮೆಟ್ಟಿಲಿಂದ ಕಾಲು ಕೆಳಗಿಡಲಾಗಲಿಲ್ಲ.

"ತಪ್ಪಾಯ್ತು," ಎಂದಳು. ದನಿ ಹೊರಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು.

ಒಳಗಿಂದ ಚಪ್ಪಲಿಯ ಸದ್ದು ಬಂತು. ಮೇಸ್ತ್ರಿ ಎರಡೂ ಕಡ್ಡಿಗಳನ್ನು ಸರಕ್ಕನೆ ತೊಡೆಯ ಮೇಲಿನ ಹೊದಿಕೆಯ ಕೆಳಗೆ ತಳ್ಳಿದರು. ಹೆಂಡತಿ ಬಂದು ಚಹಾ ಇಟ್ಟಳು. ಅವರು ಎಡಗೈ ಚಾಚಿ ಪಕ್ಕದಲ್ಲಿದ್ದ ಜಲ್ಲಿ ಬುಟ್ಟಿಯಿಂದ ಖಾಲಿ ಕಾಲುಚೀಲವೊಂದನ್ನು ಎತ್ತಿಕೊಂಡರು. ತೊಡೆಯ ಸಂದಿಯಲ್ಲಿ ಅದರ ಬಾಯಿ ಅಗಲಿಸಿಟ್ಟುಕೊಂಡು ಒಂದೊಂದೇ ಕಲ್ಲು ಹಾಕತೊಡಗಿದರು. ತುಂಬಿದ ಮೇಲೆ ಕಸಿ ಅಕ್ಕನತ್ತ ಚಾಚಿದರು.

"ಅಯ್ಯೋ, ನೋಡೇ!" ಎಂದಳು ಅನೌನ್ಸರಮ್ಮ. ಅವಳ ಕಣ್ಣು ತುಂಬಿ ಬಂತು. "ಐದಾರು ವರ್ಷ ಆಯ್ತು, ಇವರು ಒಂದು ಕೆಲಸ ಅಂತ ಕೈಯಲ್ಲಿ ಹಿಡಿದು."

ಅವತ್ತಿನಿಂದ ಜಲ್ಲಿ ತುಂಬುವುದು ಮೇಸ್ತ್ರಿಯ ಕೆಲಸವಾಯಿತು. ಶನಿವಾರವೇ ಬುಟ್ಟಿ ತರಲು ಕೈಸನ್ನೆ ಮಾಡುತ್ತಾರೆ, ಕಲ್ಲು ಆರಿಸಿ ಸಣ್ಣದು ದೊಡ್ಡದು ಬೇರೆ ಮಾಡಿಟ್ಟಿರುತ್ತಾರೆ, ಊಟವೂ ಒಂದು ತುತ್ತು ಜಾಸ್ತಿ ಸೇರುತ್ತಿದೆ ಎಂದು ಹೆಂಡತಿ ಬಂದವರಿಗೆಲ್ಲ ಹೇಳಿಕೊಂಡಳು. ಆ ಕಡ್ಡಿಗಳ ವಿಷಯ ಆಮೇಲೆ ಎಂದೂ ಬರಲಿಲ್ಲ. ಅವರು ತನ್ನನ್ನು ಕ್ಷಮಿಸಿದರೋ, ಹೆಂಡತಿಯ ಭಾನುವಾರದ ಗೆಳತಿಯನ್ನು ಉಳಿಸಿಕೊಟ್ಟರೋ, ಅಥವಾ ಸುಮ್ಮನೆ ಕೈಗೊಂದು ಕೆಲಸ ಸಿಕ್ಕಿತೆಂದು ಹಿಡಿದುಕೊಂಡರೋ ಕಸಿ ಅಕ್ಕನಿಗೆ ತಿಳಿಯಲಿಲ್ಲ. ಕೇಳಿದ್ದರೂ ಹೇಳಲು ಅವರಿಗೆ ಮಾತಿರಲಿಲ್ಲ.

ಅಷ್ಟು ಪಾಡುಪಟ್ಟರೂ ಬಂದದ್ದು ಅರ್ಧ ತೆರೆ. ಎಡಗಡೆ ಏಳೆಂಟು ಕೊಂಬೆ ಇಳಿದಿದ್ದವು, ಬಲಗಡೆ ಬಟ್ಟಂಬಯಲು. ಮೇಸ್ತ್ರಿ ಕುರ್ಚಿಯನ್ನು ಎಡಕ್ಕೆ ತಿರುಗಿಸಿಕೊಂಡು ಕೂರುತ್ತಿದ್ದರು.

ಏಳನೆಯ ವರ್ಷ ಎಲೆ ಉದುರಿ ಮರ ಬೋಳಾಗಿದ್ದಾಗ ಅವರು ತೀರಿಕೊಂಡರು. ಅವರ ಕೊನೆಯ ತಿಂಗಳಿನಲ್ಲಿ ಕಿಟಕಿಗೂ ರಸ್ತೆಗೂ ನಡುವೆ ಎಲೆಯೆಂಬುದೇ ಇರಲಿಲ್ಲ. ಸೊಟ್ಟ ಕೋಲುಗಳಿಗೆ ಕಟ್ಟಿದ ಕಾಲುಚೀಲಗಳು ಮಾತ್ರ ಇದ್ದವು.

ಒಂದು ತಿಂಗಳ ಮೇಲೆ, ಒಂದು ಭಾನುವಾರ ಅನೌನ್ಸರಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿಟ್ಟುಕೊಂಡು ಕೂತಿದ್ದಳು. ಅದರಲ್ಲಿ ಇಪ್ಪತ್ತೆರಡು ಮನೆಗಳ ಪಟ್ಟಿ: ನಿಲ್ದಾಣದಲ್ಲಿ ಜೊತೆಗೆ ಕೆಲಸ ಮಾಡಿದವರು, ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು, ಇಬ್ಬರು ನಾದಿನಿಯರು.

"ಕೋಲು ಕಡಿದು ನೆಟ್ರೂ ಬೇರು ಬಿಡುತ್ತೆ ಅಂತ ನೀನೇ ಹೇಳಿದ್ದೆಯಲ್ಲ. ಎಲೆ ಬರೋಕೆ ಮುಂಚೆ ಇಪ್ಪತ್ತೆರಡು ಕೋಲು ಮಾಡ್ಕೊಡು. ಅವರು ಸಾಕಿದ ಮರ ಎಲ್ಲರ ಮನೆ ಮುಂದೂ ಬೆಳೀಲಿ. ಇಳಿಬೀಳೋ ಮರ ಅಂತ ಆಗ್ಲೇ ಹೇಳ್ಬಿಟ್ಟಿದೀನಿ. ನಾದಿನಿ ಬಾವಿಕಟ್ಟೆ ಪಕ್ಕ ಜಾಗ ಬಿಡಿಸಿದಾಳೆ."

ಕಸಿ ಅಕ್ಕ ಹಾಳೆ ನೋಡಿದಳು. ಇಪ್ಪತ್ತೆರಡು ಮನೆ. ಒಂದು ಸುಳ್ಳನ್ನು ಏಳು ವರ್ಷ ಕಾಲುಚೀಲ ಕಟ್ಟಿ ಸಾಕಿದ್ದಳು. ಇಪ್ಪತ್ತೆರಡನ್ನು ಸಾಕಲು ಅವಳಿಗೆ ಅಷ್ಟು ಭಾನುವಾರಗಳು ಉಳಿದಿರಲಿಲ್ಲ.

"ಬೇಡ ಅಮ್ಮಾವ್ರೇ," ಎಂದಳು.

"ಯಾಕೆ?"

"ಅದು ಜೋಲೋ ಜಾತಿ ಅಲ್ಲ. ಮುರುಕ ವಿಲ್ಲೋ ಅಂತ. ಬಾಗಲ್ಲ. ನೀವು ಕೊಂಡ ದಿನಾನೇ ನನಗೆ ಗೊತ್ತಿತ್ತು."

ಅನೌನ್ಸರಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು.

"ಗೊತ್ತಿದ್ದೇ ಕೊಟ್ಯಾ?"

ಕಸಿ ಅಕ್ಕ ಎಲ್ಲವನ್ನೂ ಹೇಳಿದಳು. ಲಾರಿ, ಚೀಟಿ, ಅಳಿಯ, ತನ್ನ ಕೈ, ತನ್ನ ಕೋಣೆ. ಹೇಳುತ್ತ ಹೋದಂತೆ ಒಂದೊಂದೂ ಸಣ್ಣದಾಗಿ ಕಂಡಿತು. ಇಷ್ಟಕ್ಕಾಗಿಯೇ ಎಂದು ಅವಳಿಗೇ ಅನ್ನಿಸಿತು.

"ಹಾಗಾದ್ರೆ ಏಳು ವರ್ಷ ಪ್ರತಿ ಭಾನುವಾರ ಬಂದಿದ್ದು ಮರ ನೋಡೋಕೆ," ಎಂದಳು ಅನೌನ್ಸರಮ್ಮ. "ನಾನು ನನ್ನನ್ನ ನೋಡೋಕೆ ಅಂದ್ಕೊಂಡಿದ್ದೆ."

"ಮೊದಲು ಮರಕ್ಕೇ ಬಂದೆ. ಸುಳ್ಳು ಹೇಳಲ್ಲ. ಆಮೇಲೆ..."

"ಆಮೇಲೆ?"

"ಆಮೇಲೆ ಎರಡಕ್ಕೂ."

ಅನೌನ್ಸರಮ್ಮ ಹಾಳೆಯ ಅಂಚು ಮಡಿಸತೊಡಗಿದಳು. ಅವಳ ಮುಖ ಸ್ವಲ್ಪ ಸಡಿಲಾಯಿತು. ಆ ಕ್ಷಣ ಇನ್ನೂ ಏನೋ ಉಳಿಯಬಹುದಿತ್ತು. "ಹೋಗ್ಲಿ," ಎಂದಳು ಕೊನೆಗೆ. "ನಾನು ಮೋಸ ಹೋದ್ರೆ ಹೋದೆ. ಅವರಿಗೆ ಗೊತ್ತಾಗ್ಲಿಲ್ಲವಲ್ಲ. ನಂಬ್ಕೊಂಡೇ ಹೋದ್ರು. ಅದೊಂದು ಸಮಾಧಾನ."

ಕಸಿ ಅಕ್ಕ ಹೂಂ ಎಂದಿದ್ದರೆ ಸಾಕಿತ್ತು. ತಲೆ ಆಡಿಸಿದ್ದರೂ ನಡೆಯುತ್ತಿತ್ತು. ಆದರೆ ಏಳು ವರ್ಷದ ಮೇಲೆ ಬಾಯಿ ಬಿಟ್ಟವಳಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಅದೂ ಅಲ್ಲದೆ, ಮೇಸ್ತ್ರಿಗೆ ಯಾರೂ ಮೋಸ ಮಾಡಲಿಲ್ಲ ಎಂದು ತಿಳಿದರೆ ಇವಳ ಎದೆ ಇನ್ನಷ್ಟು ಹಗುರಾಗಬಹುದು ಎಂದುಕೊಂಡಳು.

"ಅವರಿಗೆ ಗೊತ್ತಿತ್ತು," ಎಂದಳು. "ಎರಡು ವರ್ಷದ ಹಿಂದೇನೇ. ಕಡ್ಡಿ ಮುರಿದು ನೋಡಿ ಕಂಡುಹಿಡಿದ್ರು. ನೀವು ಬರೋ ಹೊತ್ತಿಗೆ ಹೊದಿಕೆ ಕೆಳಗೆ ಬಚ್ಚಿಟ್ರು. ಆಮೇಲೇ ಜಲ್ಲಿ ತುಂಬೋಕೆ ಶುರು ಮಾಡಿದ್ದು."

ಅನೌನ್ಸರಮ್ಮನ ಕೈ ನಿಂತಿತು.

"ನಿನ್ನ ಹತ್ರ ಹೇಳಿದ್ರು."

"ಹೇಳೋಕೆ ಅವರಿಗೆ ಮಾತೆಲ್ಲಿತ್ತು ಅಮ್ಮಾವ್ರೇ? ಸುಮ್ನೆ ನೋಡಿದ್ರು, ಅಷ್ಟೇ."

"ನನ್ನನ್ನೂ ನೋಡ್ತಿದ್ರು. ಬೆಳಗ್ಗೆಯಿಂದ ಸಾಯಂಕಾಲದ ತನಕ ನನ್ನನ್ನೇ ನೋಡ್ತಿದ್ರು. ಬಾಯಾರಿಕೆ ಆದ್ರೆ ನೋಟದಲ್ಲೇ ಹೇಳೋರು, ಬೆನ್ನು ನೊಂದ್ರೆ ನೋಟದಲ್ಲೇ ಹೇಳೋರು. ಅವರ ಮನಸ್ಸಲ್ಲಿ ನನಗೆ ಗೊತ್ತಿಲ್ದೆ ಇರೋದು ಏನೂ ಇಲ್ಲ ಅಂತ ಇದ್ದೆ ನಾನು." ಅವಳ ದನಿ ಏರಲಿಲ್ಲ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. "ಅವರು ಕೆಲಸಕ್ಕೆ ಕೈ ಹಾಕಿದ್ರು ಅಂತ ನಾನು ಅತ್ತೆ. ನೀವಿಬ್ರೂ ಅದನ್ನ ನೋಡ್ತಾ ಕೂತಿದ್ರಿ."

"ಹಾಗಲ್ಲ..."

"ನಿಮಗೆ ಬಸ್ಸಿಗೆ ಹೊತ್ತಾಗುತ್ತೆ," ಎಂದಳು ಅನೌನ್ಸರಮ್ಮ.

ನಿಮಗೆ ಎಂದಳು. ಕಸಿ ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ಗೇಟಿನವರೆಗೆ ಯಾರೂ ಬರಲಿಲ್ಲ.

ಮುಂದಿನ ಭಾನುವಾರ ಹೋದಳು, ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ಭಾನುವಾರವೂ ಅಷ್ಟೇ. ಒಳಗೆ ರೇಡಿಯೋ ಹಾಡುತ್ತಿತ್ತು. ಮೂರನೆಯ ಸಲ ಅವಳು ಗೇಟಿನ ಹತ್ತಿರ ಹೋಗಲಿಲ್ಲ, ಬಸ್ಸಿನಿಂದಲೇ ನೋಡಿದಳು. ಸುತಳಿಗಳನ್ನೆಲ್ಲ ಯಾರೋ ಕತ್ತರಿಸಿ ಹಾಕಿದ್ದರು. ಕಾಲುಚೀಲ ಒಂದೂ ಇರಲಿಲ್ಲ. ಎಳೆಯ ಕೊಂಬೆಗಳು ಮೇಲಕ್ಕೆ ಎದ್ದಿದ್ದವು, ಬಲಿತವು ಬಾಗಿದಲ್ಲೇ ಗೂನಾಗಿ ನಿಂತಿದ್ದವು. ಕಿಟಕಿಗೆ ದಪ್ಪ ಬಟ್ಟೆಯ ಪರದೆ ಬಿದ್ದಿತ್ತು.

ಅವಳು ಊರಾಚೆಯ ಕೆರೆಗೆ ಹೋಗಿ, ಅಲ್ಲಿದ್ದ ಹಳೆಯ ಜೋಲು ವಿಲ್ಲೋದಿಂದ ಹಳದಿ ಕಡ್ಡಿಗಳನ್ನು ತಂದಳು. ಬೆರಳಿಗೆ ಸುತ್ತಿ ನೋಡಿ ಖಾತ್ರಿ ಮಾಡಿಕೊಂಡಳು. ನೀರಿನ ಡಬ್ಬಿಯಲ್ಲಿಟ್ಟು ಬೇರು ಬರಿಸಿ, ಒಂದನ್ನು ಕುಂಡಕ್ಕೆ ಹಾಕಿ, ತನ್ನ ಕೋಣೆಯ ಕಿಟಕಿಯಲ್ಲಿ ಎಂಟು ತಿಂಗಳು ಸಾಕಿದಳು. ಮೊಣಕಾಲೆತ್ತರದಲ್ಲೇ ಅದು ತುದಿ ಬಗ್ಗಿಸಿತು. ಒಂದು ದಿನ ಆ ಕುಂಡವನ್ನು ಅನೌನ್ಸರಮ್ಮನ ಮೆಟ್ಟಿಲ ಮೇಲಿಟ್ಟು ಬಂದಳು. ನಾಲ್ಕು ದಿನಕ್ಕೆ ಅದು ನರ್ಸರಿಯ ಕೌಂಟರಿಗೆ ವಾಪಸು ಬಂತು, ಒಬ್ಬ ಆಟೋದವನ ಕೈಯಲ್ಲಿ. ಚೀಟಿಯಿಲ್ಲ, ಮಾತಿಲ್ಲ. ಮಣ್ಣು ಮಾತ್ರ ಒದ್ದೆಯಾಗಿತ್ತು. ಆ ನಾಲ್ಕು ದಿನವೂ ಯಾರೋ ಅದಕ್ಕೆ ನೀರು ಹಾಕಿದ್ದರು. ಅದರಿಂದ ಕಸಿ ಅಕ್ಕನಿಗೆ ಸಮಾಧಾನವೇನೂ ಆಗಲಿಲ್ಲ. ಗಿಡಕ್ಕೆ ನೀರು ಹಾಕುವಷ್ಟು ಮನಸ್ಸಿದ್ದವಳು ತನಗೆ ಬಾಗಿಲು ತೆರೆಯಲಿಲ್ಲವಲ್ಲ ಎಂದೇ ಅನ್ನಿಸಿತು.

ಎಲೆ ಉದುರುವ ಕಾಲ ಮತ್ತೆ ಬಂತು. ಲಾರಿಯೂ ಬಂತು, ಅದೇ ದಪ್ಪ ಕಂದು ಕಡ್ಡಿಗಳು, ಅದೇ ದುಂಡಗಿನ ಅಕ್ಷರದ ಚೀಟಿಗಳು. ಒಂದು ಶನಿವಾರ ಗಂಡ ಹೆಂಡತಿ ಇಬ್ಬರು ಬಂದು ವಿಲ್ಲೋ ಕೇಳಿದರು. "ಕಸಿ ಅಕ್ಕ, ತೋರ್ಸು," ಎಂದ ಅಳಿಯ.

ಅವಳು ಅವರನ್ನು ಸಸಿಗಳ ಮುಂದೆ ನಿಲ್ಲಿಸಿದಳು. ಅಳಿಯ ಕೇಳಿಸಿಕೊಳ್ಳುವ ದೂರದಲ್ಲೇ ಇದ್ದ.

"ಚೀಟಿ ನೋಡ್ಬೇಡಿ," ಎಂದಳು. "ಇದು ಜೋಲೋದಲ್ಲ. ನೆಟ್ಟಗೆ ಬೆಳೆಯುತ್ತೆ. ಗಾಳಿಗೆ ಕೊಂಬೆ ಮುರಿಯುತ್ತೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಬೇಗ ಬೆಳೆಯುತ್ತಾ?" ಎಂದು ಅವನು ಕೇಳಿದ.

"ಬೇಗ ಬೆಳೆಯುತ್ತೆ."

"ನಮಗೆ ಪಕ್ಕದ ಗೋಡೌನ್ ಕಾಣದ ಹಾಗೆ ಆದ್ರೆ ಸಾಕು. ಎರಡು ಕೊಡಿ."

ಅವರು ಹೋದ ಮೇಲೆ ಅಳಿಯ ಬಂದ. ರೇಗುತ್ತಾನೆ, ಕೋಣೆ ಬಿಡು ಎನ್ನುತ್ತಾನೆ ಎಂದು ಅವಳು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡಿದ್ಯಾ? ಯಾರಿಗೂ ಏನೂ ಆಗ್ಲಿಲ್ಲ. ಇಷ್ಟಕ್ಕೆ ನೀನು ಅಷ್ಟು ವರ್ಷ ಹೊಟ್ಟೇಲಿಟ್ಕೊಂಡು ಒದ್ದಾಡಿದೆ! ಅವತ್ತೇ ಹೇಳಿದ್ರೆ ನಾನೇನು ನಿನ್ನನ್ನ ತಿಂದುಬಿಡ್ತಿದ್ನಾ?"

ಅವಳು ಉದುರಿದ ಮಣ್ಣು ಗುಡಿಸಿದಳು. ಸಂಜೆ ಬಾಗಿಲು ಹಾಕುವಾಗ ಅವನು, "ನಾಳೆ ಭಾನುವಾರ. ರಜೆ ತಾನೆ?" ಎಂದು ಕೇಳಿದ.

"ಬೇಡ," ಎಂದಳು ಕಸಿ ಅಕ್ಕ. "ನಾಳೆ ಕೆಲಸಕ್ಕೆ ಬರ್ತೀನಿ. ಇನ್ಮೇಲೆ ಎಲ್ಲಾ ಭಾನುವಾರಾನೂ ಬರ್ತೀನಿ."